ಅಂಗಳಕ್ಕೆ ಇಂಟರ್‌ಲಾಕ್: ದಾಖಲೆ, ವಿಮೆ ಪರಿಶೀಲಿಸಿ ಗುತ್ತಿಗೆದಾರರನ್ನು ಆರಿಸುವ ಬಗೆ

ಕರ್ನಾಟಕದಲ್ಲಿ ಮನೆಯಂಗಳಕ್ಕೆ ಪೇವರ್ (ಇಂಟರ್‌ಲಾಕ್ ಸಿಮೆಂಟ್ ಬ್ಲಾಕು) ಹಾಸುವವರಿಗೆಂದೇ ಸರ್ಕಾರ ಕೊಡುವ ಲೈಸೆನ್ಸ್ ಇಲ್ಲ. ವೈರಿಂಗ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರನ್ನೇ ಕರೆಯಿರಿ ಎನ್ನಬಹುದು. ಇಂಟರ್‌ಲಾಕ್ ಕೆಲಸಕ್ಕೆ ಹಾಗೆ ಹೇಳಲು ಬರುವುದಿಲ್ಲ. ಹೀಗಾಗಿ ಯಾರಾದರೂ ‘ನಮ್ಮದು ಸರ್ಟಿಫೈಡ್ ಕಂಪನಿ’ ಎಂದರೆ ಯಾವುದರ ಸರ್ಟಿಫಿಕೇಟು, ಯಾರು ಕೊಟ್ಟದ್ದು ಎಂದು ಕೇಳಲೇಬೇಕು. ಒಬ್ಬರು ಜಿಎಸ್‌ಟಿ ನೋಂದಣಿ ತೋರಿಸುತ್ತಾರೆ, ಇನ್ನೊಬ್ಬರು ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಪತ್ರ, ಮತ್ತೊಬ್ಬರು ಫ್ರೇಮು ಹಾಕಿಸಿದ ಐಎಸ್‌ಒ 9001. ಒಂದೊಂದು ಕಾಗದ ಒಂದೊಂದು ವಿಷಯ ಹೇಳುತ್ತದೆ. ಎರಡು ಮಳೆಗಾಲ ಕಳೆದರೂ ನಿಮ್ಮ ಅಂಗಳ ತಗ್ಗು ಬೀಳುವುದಿಲ್ಲ ಎಂದು ಅವುಗಳಲ್ಲಿ ಯಾವುದೂ ಹೇಳುವುದಿಲ್ಲ.

ಆದ್ದರಿಂದ ಪರಿಶೀಲನೆಯನ್ನು ಮೂರು ಭಾಗ ಮಾಡಿಕೊಳ್ಳಬೇಕು: ಆ ವ್ಯಕ್ತಿ ಅಥವಾ ಸಂಸ್ಥೆ ನಿಜವೇ, ಅಪಘಾತವಾದರೆ ಹಣ ಕೊಡುವವರು ಯಾರು, ಬ್ಲಾಕಿನ ಕೆಳಗೆ ಏನು ಹೋಗುತ್ತದೆ. ಮೂರನೆಯದಕ್ಕೆ ಯಾವ ಕಾಗದವೂ ಇಲ್ಲದ ಕಾರಣ ಅದನ್ನು ನೀವೇ ಕರಾರಿನಲ್ಲಿ ಬರೆಸಿಕೊಳ್ಳಬೇಕಾಗುತ್ತದೆ.

ಯಾರನ್ನೂ ಕರೆಯುವ ಮೊದಲು

ಅಂಗಳದ ಅಳತೆ ಮತ್ತು ಅದರ ಮೇಲೆ ಬರುವ ಭಾರ ನಿಮಗೆ ಗೊತ್ತಿಲ್ಲದಿದ್ದರೆ ಬಂದವರು ಹೇಳಿದ್ದೇ ಲೆಕ್ಕವಾಗುತ್ತದೆ. ಟೇಪು ಹಿಡಿದು ಉದ್ದ, ಅಗಲ ಬರೆದುಕೊಳ್ಳಿ. ಕಾರು, ಬೈಕು ಮಾತ್ರ ಬರುತ್ತವೆಯೇ, ನೀರಿನ ಟ್ಯಾಂಕರ್ ಒಳಗೆ ಬರುತ್ತದೆಯೇ ನೋಡಿ. 6,000 ಲೀಟರ್ ಟ್ಯಾಂಕರಿನಲ್ಲಿ ನೀರೇ 6 ಟನ್. ಗಾಡಿಯ ತೂಕ ಬೇರೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಮನೆಗೂ ಕಾರು ಮಾತ್ರ ನಿಲ್ಲುವ ಮನೆಗೂ ಒಂದೇ ಬ್ಲಾಕು, ಒಂದೇ ತಳಪಾಯ ಸಾಲುವುದಿಲ್ಲ.

ಮಣ್ಣು ಯಾವುದೆಂದೂ ನೋಡಿಕೊಳ್ಳಿ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಒಂದು ಅಡಿಯಾದರೂ ಎರೆಮಣ್ಣು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡದೆ ಹಾಸಿದರೆ ಬ್ಲಾಕುಗಳು ಮೊದಲ ಬೇಸಿಗೆಗೇ ಏಳುತ್ತವೆ. ಕರಾವಳಿಯಲ್ಲಿ ಜಂಬಿಟ್ಟಿಗೆ ಮಣ್ಣು ಗಟ್ಟಿಯಾಗಿರುತ್ತದೆ, ಅಲ್ಲಿನ ತೊಂದರೆ ನೀರು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರಲ್ಲಿ ಇಳಿಜಾರು ಮತ್ತು ಅಂಚು ಸರಿ ಇಲ್ಲದಿದ್ದರೆ ಕೆಳಗಿನ ಮರಳೇ ಕೊಚ್ಚಿಹೋಗುತ್ತದೆ.

ನೆಲದೊಳಗೆ ಏನಿದೆ ಎಂಬುದರ ಒಂದು ಕೈನಕ್ಷೆ ಬರೆಯಿರಿ: ಸಂಪು, ಸಂಪಿಗೆ ಬರುವ ನೀರಿನ ಪೈಪು, ಯುಜಿಡಿ (ಒಳಚರಂಡಿ) ಚೇಂಬರುಗಳು, ಮೀಟರಿನಿಂದ ಬರುವ ಕೇಬಲ್ಲು, ಗ್ಯಾಸ್ ಲೈನು, ಮಳೆನೀರು ಇಂಗುಗುಂಡಿ. ಈ ನಕ್ಷೆ ಮುಂದೆ ವಿಮೆಯ ಮಾತಿನಲ್ಲೂ ಬರುತ್ತದೆ.

ಈಗ ಒಂದು ಲೆಕ್ಕ. 30×20 ಅಡಿಯ ಅಂಗಳ, 600 ಚದರ ಅಡಿ, ಸುಮಾರು 56 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಕಾರು ನಿಲ್ಲುವ ಜಾಗ, ಕೆಂಪು ಮಣ್ಣು. 60 ಮಿ.ಮೀ. ಬ್ಲಾಕು, ಕೆಳಗೆ 30 ಮಿ.ಮೀ. ಮರಳು, ಅದರ ಕೆಳಗೆ ದಮ್ಮಸ್ಸು ಮಾಡುವ ಜಲ್ಲಿ ಮಿಶ್ರಣ, ಅಂದರೆ 150 ಮಿ.ಮೀ. ವೆಟ್‌ಮಿಕ್ಸ್ ಅಥವಾ ಜಿಎಸ್‌ಬಿ. ಒಟ್ಟು 240 ಮಿ.ಮೀ., ಅಂದರೆ ಒಂಬತ್ತೂವರೆ ಇಂಚು ಅಗೆಯಬೇಕು. ನೆಲದಲ್ಲಿ ಸುಮಾರು 470 ಘನ ಅಡಿ ಇರುವ ಮಣ್ಣು ಅಗೆದ ಮೇಲೆ ಸಡಿಲವಾಗಿ 590ರ ಹತ್ತಿರ ಹೋಗುತ್ತದೆ. ಟ್ರ್ಯಾಕ್ಟರ್ ಟ್ರೇಲರಿಗೆ 100 ಘನ ಅಡಿ ಹಿಡಿಸಿದರೂ ಆರು ಲೋಡು. ವೆಟ್‌ಮಿಕ್ಸ್ ದಮ್ಮಸ್ಸಾದ ಮೇಲೆ 300 ಘನ ಅಡಿ ನಿಲ್ಲಬೇಕಾದರೆ ತರಿಸುವುದು 375ರಿಂದ 390. ಮರಳು ಹಾಸಿಗೆಗೆ 60 ಘನ ಅಡಿ, ಸಂದು ತುಂಬಲು ಮತ್ತು ಪೋಲಿಗೆ ಸೇರಿ 75 ಇರಲಿ. 200×100 ಮಿ.ಮೀ. ಬ್ಲಾಕಾದರೆ ಚದರ ಮೀಟರಿಗೆ 50ರಂತೆ 2,800, ಕತ್ತರಿಸುವಾಗಿನ ನಷ್ಟ ಹಿಡಿದು 2,900.

ಈ ಅಂಕಿಗಳು ಕೈಯಲ್ಲಿದ್ದರೆ ಕೊಟೇಶನ್ ಓದುವ ಕ್ರಮವೇ ಬೇರೆಯಾಗುತ್ತದೆ. ಯಾರದ್ದೋ ದರ ತೀರಾ ಕಡಿಮೆ ಇದ್ದರೆ ಅವರು ಈ ಪಟ್ಟಿಯಲ್ಲಿ ಏನನ್ನು ಬಿಟ್ಟಿದ್ದಾರೆ ಎಂದು ತಕ್ಷಣ ಕಾಣುತ್ತದೆ. ಸಾಮಾನ್ಯವಾಗಿ ಬಿಟ್ಟಿರುವುದು ವೆಟ್‌ಮಿಕ್ಸ್, ಇಲ್ಲವೇ ಮಣ್ಣು ಸಾಗಣೆ.

ಕಾಗದಗಳನ್ನು ಓದುವುದು

ಜಿಎಸ್‌ಟಿ ನಂಬರಿನಿಂದ ಶುರು ಮಾಡಿ. ಇದು 15 ಅಕ್ಷರಗಳದ್ದು. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ಯಾರು ಎಂಬುದನ್ನು ಹೇಳುತ್ತದೆ: ‘ಪಿ’ ಇದ್ದರೆ ಒಬ್ಬ ವ್ಯಕ್ತಿ, ‘ಎಫ್’ ಪಾಲುದಾರಿಕೆ ಸಂಸ್ಥೆ, ‘ಸಿ’ ಕಂಪನಿ. ವಿಸಿಟಿಂಗ್ ಕಾರ್ಡಿನಲ್ಲಿ ಪ್ರೈವೇಟ್ ಲಿಮಿಟೆಡ್ ಎಂದಿದ್ದು ಆರನೇ ಅಕ್ಷರ ‘ಪಿ’ ಇದ್ದರೆ ಅಲ್ಲೇ ನಿಂತು ವಿವರ ಕೇಳಬೇಕು.

ಜಿಎಸ್‌ಟಿ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೆಯೇ ಈ ನಂಬರು ಹಾಕಿ ಹುಡುಕಬಹುದು. ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ, ರಿಟರ್ನ್ ಸಲ್ಲಿಸುತ್ತಿದ್ದಾರೆಯೇ ಎಲ್ಲವೂ ಕಾಣುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿರುವವರು (ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು) ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಪೋರ್ಟಲಿನಲ್ಲಿ ಹಾಗೆಂದು ತೋರಿಸುತ್ತಿದ್ದು ಬಿಲ್ಲಿನಲ್ಲಿ 18 ಶೇಕಡಾ ಸೇರಿಸಿದ್ದರೆ ಆ ಹಣ ಕೊಡಬೇಕಾಗಿಲ್ಲ.

ನಂಬರೇ ಇಲ್ಲದವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ನೋಂದಣಿ ಕಡ್ಡಾಯವಲ್ಲ. ಊರಿನ ಮೇಸ್ತ್ರಿ, ಜೊತೆಗೆ ನಾಲ್ಕು ಜನ, ಕೈ ಕೆಲಸ ಅಚ್ಚುಕಟ್ಟು. ಇಂಥವರನ್ನು ಕಾಗದವಿಲ್ಲ ಎಂಬ ಒಂದೇ ಕಾರಣಕ್ಕೆ ಬಿಡುವುದು ಸರಿಯಲ್ಲ. ಅವರಿಂದ ಪ್ಯಾನ್, ಆಧಾರ್ ಪ್ರತಿ, ಅವರದೇ ಹೆಸರಿನ ಬ್ಯಾಂಕ್ ಖಾತೆಯ ವಿವರ ಪಡೆದು ಕರಾರು ಬರೆದುಕೊಳ್ಳಿ. ವಿಮೆಯನ್ನು ಹೇಗೆ ನೋಡಿಕೊಳ್ಳಬೇಕೆಂದು ಮುಂದೆ ಹೇಳಿದೆ.

ಉದ್ಯಮ್ ನೋಂದಣಿ ಸ್ವಯಂ ಘೋಷಣೆಯ ಮೇಲೆ ಸಿಗುವಂಥದ್ದು. ವ್ಯಾಪಾರ ಅಸ್ತಿತ್ವದಲ್ಲಿದೆ ಎಂಬುದಕ್ಕಿಂತ ಹೆಚ್ಚೇನೂ ಅದು ಹೇಳುವುದಿಲ್ಲ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ ನೋಂದಣಿ ಸರ್ಕಾರಿ ಟೆಂಡರಿಗೆ ಬೇಕಾದದ್ದು. ಮನೆ ಕೆಲಸಕ್ಕೆ ಅಗತ್ಯವಿಲ್ಲ, ಆದರೆ ಇದ್ದರೆ ಹಿಂದಿನ ಕೆಲಸದ ದಾಖಲೆ ಎಲ್ಲೋ ಪರಿಶೀಲನೆಯಾಗಿದೆ ಎಂದರ್ಥ. ಅದರ ಅವಧಿ ಮುಗಿದಿಲ್ಲವೇ ನೋಡಿ. ಐಎಸ್‌ಒ 9001 ಸಂಸ್ಥೆಯ ಆಡಳಿತ ಪದ್ಧತಿಗೆ ಸಿಗುವ ಪ್ರಮಾಣಪತ್ರ. ಬ್ಲಾಕಿನ ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ.

ವಿಮೆ: ಇಲ್ಲಿ ಅವಸರ ಬೇಡ

ಇಂಟರ್‌ಲಾಕ್ ಕೆಲಸ ನೋಡಲು ಅಪಾಯದ್ದೆನಿಸುವುದಿಲ್ಲ. ಆದರೂ ಕಟ್ಟರ್ ಯಂತ್ರದ ಬ್ಲೇಡು ಒಡೆದು ಕೈಗೆ ಬಡಿಯುವುದು, ಒದ್ದೆ ನೆಲದಲ್ಲಿ ತೇಪೆ ಹಾಕಿದ ವೈರಿನಿಂದ ಶಾಕ್ ಹೊಡೆಯುವುದು, ಜೆಸಿಬಿ ಹಿಂದೆ ಬರುವಾಗ ಕಾಂಪೌಂಡಿಗೂ ಯಂತ್ರಕ್ಕೂ ನಡುವೆ ಒಬ್ಬರು ಸಿಕ್ಕಿಹಾಕಿಕೊಳ್ಳುವುದು, ಇವೆಲ್ಲ ಈ ಕೆಲಸದಲ್ಲಿ ಆಗುವ ಅಪಘಾತಗಳೇ. ದಿನಗೂಲಿಯ ಮೇಲೆ ನಿಂತ ಸಂಸಾರಕ್ಕೆ ಒಂದು ಕೈ ಹೋದರೆ ಬದುಕೇ ಹೋದಂತೆ. ವಿಮೆಯನ್ನು ಬರೀ ನಮ್ಮ ತಲೆ ಉಳಿಸಿಕೊಳ್ಳುವ ಕಾಗದ ಎಂದು ನೋಡಬಾರದು.

ಪರಿಹಾರದ ಮೊತ್ತ ಎಷ್ಟಾಗುತ್ತದೆ ಎಂಬ ಅಂದಾಜು ಇರಲಿ. 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರದಂತೆ ಸಾವು ಸಂಭವಿಸಿದರೆ ಮಾಸಿಕ ವೇತನದ ಅರ್ಧಕ್ಕೆ ವಯಸ್ಸಿನ ಗುಣಾಂಕ ಹಾಕಿ ಗುಣಿಸುತ್ತಾರೆ. 2020ರ ಜನವರಿಯಿಂದ ಈ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂಪಾಯಿ. 30 ವರ್ಷದ ಕಾರ್ಮಿಕರಿಗೆ ಗುಣಾಂಕ 207.98. ಅಂದರೆ 7,500ಕ್ಕೆ ಅದನ್ನು ಗುಣಿಸಿದರೆ 15,59,850 ರೂಪಾಯಿ. ವೇತನದ ಅರ್ಧ ಹಿಡಿಯುವ ಈ ಸೂತ್ರವನ್ನೇ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಒಂದೆರಡು ಲಕ್ಷದ ಕೆಲಸ ಹಿಡಿದ ಗುತ್ತಿಗೆದಾರ ತನ್ನ ಜೇಬಿನಿಂದ ಇಷ್ಟು ಕೊಡಲಾರ.

ಗುತ್ತಿಗೆದಾರನ ಕಾರ್ಮಿಕರಿಗೆ ಮನೆ ಮಾಲೀಕರ ಹೊಣೆ ಇದೆಯೇ? ಕಾನೂನು ಈ ಹೊಣೆಯನ್ನು ಹೊರಿಸುವುದು ತಮ್ಮ ವ್ಯಾಪಾರ, ವ್ಯವಹಾರದ ಸಲುವಾಗಿ ಕೆಲಸ ಮಾಡಿಸುವವರ ಮೇಲೆ. ಸ್ವಂತ ವಾಸದ ಮನೆ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಆದರೆ ಅದೇ ಕಟ್ಟಡದಲ್ಲಿ ಪಿಜಿ, ಹೋಂಸ್ಟೇ, ಅಂಗಡಿ ಇದ್ದರೆ ಮಾತು ಬೇರೆಯಾಗುತ್ತದೆ. ಗುತ್ತಿಗೆದಾರರೇ ಇಲ್ಲದೆ ನೀವೇ ದಿನಗೂಲಿ ಕೊಟ್ಟು ಜನ ಹಚ್ಚಿದರೆ ಆಗಲೂ ನಿಮ್ಮ ಸ್ಥಾನ ಬದಲಾಗಬಹುದು.

ಕೇಳಬೇಕಾದ ಪಾಲಿಸಿ ಎರಡು. ಒಂದು, ಕೆಲಸಗಾರರಿಗೆ ಸಂಬಂಧಿಸಿದ್ದು. ಬಾಯಿಮಾತಿನಲ್ಲಿ ಎಲ್ಲರೂ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಶನ್) ಪಾಲಿಸಿ ಎನ್ನುತ್ತಾರೆ. ಇನ್ನೊಂದು, ಮೂರನೆಯವರ ಆಸ್ತಿ ಮತ್ತು ದೇಹಕ್ಕೆ ಆಗುವ ಹಾನಿಗೆ. ಇದು ಪ್ರತ್ಯೇಕ ಹೊಣೆಗಾರಿಕೆ ಪಾಲಿಸಿಯಾಗಿರಬಹುದು, ಅಥವಾ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯ ಎರಡನೇ ಭಾಗವಾಗಿರಬಹುದು. ಪಕ್ಕದ ಮನೆಯ ಕಾಂಪೌಂಡು ಕುಸಿದರೆ, ಗ್ಯಾಸ್ ಲೈನಿಗೆ ಜೆಸಿಬಿಯ ಬಕೆಟ್ ತಗುಲಿದರೆ ಬೇಕಾಗುವುದು ಈ ಎರಡನೆಯದು. ನೆಲದೊಳಗಿನ ಪೈಪು, ಕೇಬಲ್ಲಿಗೆ ಆಗುವ ಹಾನಿಯನ್ನು ಹೊರಗಿಟ್ಟಿರುವ ಅಥವಾ ಅದಕ್ಕೆ ಷರತ್ತು ಹಾಕಿರುವ ಪಾಲಿಸಿಗಳಿವೆ. ಮೊದಲೇ ನಕ್ಷೆ ನೋಡಿರಬೇಕು ಎಂಬುದು ಅಂಥ ಷರತ್ತುಗಳಲ್ಲೊಂದು. ನೀವು ಬರೆದ ಕೈನಕ್ಷೆಯ ಒಂದು ಪ್ರತಿಗೆ ಗುತ್ತಿಗೆದಾರರ ಸಹಿ ಹಾಕಿಸಿ ಇಟ್ಟುಕೊಳ್ಳಬೇಕಾದದ್ದು ಇದೇ ಕಾರಣಕ್ಕೆ.

ಪಾಲಿಸಿ ಕೈಗೆ ಬಂದಾಗ ಮೊದಲ ಪುಟವನ್ನು ಹೀಗೆ ಓದಿ:

1. ವಿಮೆ ಮಾಡಿಸಿದವರ ಹೆಸರು ಜಿಎಸ್‌ಟಿ ನೋಂದಣಿಯಲ್ಲಿ, ಕರಾರಿನಲ್ಲಿ ಇರುವ ಹೆಸರೇ ಆಗಿರಬೇಕು. ಅಣ್ಣನ ಸಂಸ್ಥೆಯ ಪಾಲಿಸಿ ತಮ್ಮನ ಕೆಲಸಕ್ಕೆ ಬರುವುದಿಲ್ಲ.

2. ಅವಧಿ. ಕೆಲಸ ಶುರುವಾಗುವ ದಿನದಿಂದ ಮುಗಿಯುವ ದಿನದವರೆಗೆ ಚಾಲ್ತಿಯಲ್ಲಿರಬೇಕು. ಮಳೆ ಬಂದು ಕೆಲಸ ಎರಡು ವಾರ ಮುಂದೆ ಹೋದರೂ ಉಳಿಯುವಷ್ಟು ಅಂತರ ಇರಲಿ.

3. ಎಷ್ಟು ಜನ, ಎಷ್ಟು ವೇತನ. ಮೂರು ಜನರ ಹೆಸರಿಗೆ ಪಾಲಿಸಿ ಮಾಡಿಸಿ ಎಂಟು ಜನರನ್ನು ಕರೆತರುವುದು ತೀರಾ ಸಾಮಾನ್ಯ. ದಿನಕ್ಕೆ 900 ಕೂಲಿ ಕೊಡುತ್ತಾ ಪಾಲಿಸಿಯಲ್ಲಿ ತಿಂಗಳಿಗೆ 8,000 ಎಂದು ಬರೆಸಿದ್ದರೆ ಕ್ಲೇಮಿನ ಸಮಯದಲ್ಲಿ ತಕರಾರು ಏಳುತ್ತದೆ.

4. ಕೆಲಸದ ವಿವರ. ಕಚೇರಿ ಸಿಬ್ಬಂದಿ, ಅಂಗಡಿ ನೌಕರರು ಎಂದು ತೋರಿಸಿದ್ದರೆ ಪ್ರೀಮಿಯಂ ಕಡಿಮೆ. ಅಗೆತ, ಕಟ್ಟಡ ಕೆಲಸ ಅದರಲ್ಲಿ ಸೇರುವುದಿಲ್ಲ.

5. ಉಪಗುತ್ತಿಗೆಯ ಕಾರ್ಮಿಕರು ಸೇರಿದ್ದಾರೆಯೇ. ಹಾಸುವ ತಂಡವನ್ನು ಚದರ ಅಡಿ ಲೆಕ್ಕದಲ್ಲಿ ಹೊರಗಿನಿಂದ ಕರೆಸುವುದೇ ಈ ಕೆಲಸದ ರೂಢಿ. ಹಾಗಾಗಿ ಈ ಒಂದು ಸಾಲು ಉಳಿದೆಲ್ಲಕ್ಕಿಂತ ಮುಖ್ಯ.

6. ಆಸ್ಪತ್ರೆ ಖರ್ಚಿನ ವಿಸ್ತರಣೆ ಇದೆಯೇ, ಮಿತಿ ಎಷ್ಟು.

ಓದಿದ ಮೇಲೆ ವಿಮಾ ಕಂಪನಿಯ ಸಹಾಯವಾಣಿಗೆ ನೀವೇ ಕರೆ ಮಾಡಿ ಪಾಲಿಸಿ ನಂಬರು ಹೇಳಿ ಚಾಲ್ತಿಯಲ್ಲಿದೆಯೇ ಕೇಳಿ. ಸಹಾಯವಾಣಿಯ ನಂಬರನ್ನು ಕಂಪನಿಯ ಅಧಿಕೃತ ಜಾಲತಾಣದಿಂದ ತೆಗೆದುಕೊಳ್ಳಿ, ಗುತ್ತಿಗೆದಾರರು ಕೊಟ್ಟ ಕಾಗದದಿಂದ ಬೇಡ. ದಿನಾಂಕ ತಿದ್ದಿದ ಪಿಡಿಎಫ್ ಮಾಡುವುದು ಐದು ನಿಮಿಷದ ಕೆಲಸ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡು ತೋರಿಸಿ ‘ಎಲ್ಲರಿಗೂ ವಿಮೆ ಇದೆ ಸಾರ್’ ಎನ್ನುವವರಿದ್ದಾರೆ. ಕಾರ್ಡು ಇರುವುದು ಒಳ್ಳೆಯದೇ. ಅಪಘಾತ, ಮದುವೆ, ಮಕ್ಕಳ ಓದಿಗೆ ಮಂಡಳಿಯಿಂದ ನೆರವು ಸಿಗುತ್ತದೆ. ಆದರೆ ಅದು ಕಾರ್ಮಿಕರಿಗೆ ಮಂಡಳಿ ಕೊಡುವ ನೆರವು. ಗುತ್ತಿಗೆದಾರರ ಹೊಣೆಯನ್ನು ಅದು ತೀರಿಸುವುದಿಲ್ಲ.

ಸಣ್ಣ ಮೇಸ್ತ್ರಿಗೆ ಪಾಲಿಸಿ ಇಲ್ಲದಿದ್ದರೆ? ಈ ಕೆಲಸದ ಅವಧಿಗೆ, ಇಷ್ಟು ಜನಕ್ಕೆ ಎಂದು ಪಾಲಿಸಿ ಮಾಡಿಸಿಕೊಡುವ ಬಗ್ಗೆ ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾದಂಥ ಸಾಮಾನ್ಯ ವಿಮಾ ಕಂಪನಿಗಳ ಹತ್ತಿರದ ಶಾಖೆಯಲ್ಲಿ ವಿಚಾರಿಸಿ. ಪ್ರೀಮಿಯಂ ಅನ್ನು ಕೊಟೇಶನ್ನಿನಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸಿ ನೀವೇ ಭರಿಸುವುದಾಗಿ ಹೇಳಿದರೆ ಬಹುತೇಕರು ಒಪ್ಪುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಚೌಕಾಸಿ ಮಾಡಬಾರದ ಖರ್ಚು ಇದೊಂದೇ.

ಜೆಸಿಬಿ ಬಾಡಿಗೆಗೆ ಬರುವುದಾದರೆ ಅದರ ಆರ್‌ಸಿ, ವಿಮೆ, ಚಾಲಕರ ಲೈಸೆನ್ಸ್ ಮೂರರ ಫೋಟೊ ತೆಗೆದುಕೊಳ್ಳಿ. ರಸ್ತೆಯ ಮೇಲೆ ಓಡುವಾಗಿನ ವಿಮೆಯೇ ಅಗೆಯುವಾಗಿನ ಹಾನಿಗೂ ಅನ್ವಯಿಸುತ್ತದೆಯೇ ಎಂದು ಕೇಳಿ.

ಬ್ಲಾಕಿಗೆ ಮಾತ್ರ ನಿಜವಾದ ಪ್ರಮಾಣವಿದೆ

ಸಿಮೆಂಟ್ ಪೇವರ್ ಬ್ಲಾಕಿನ ಭಾರತೀಯ ಮಾನಕ ಐಎಸ್ 15658. ಕಾರು, ಬೈಕು ಓಡಾಡುವ ಅಂಗಳಕ್ಕೆ 60 ಮಿ.ಮೀ. ದಪ್ಪ, ಎಂ-35 ದರ್ಜೆ (ಕಾಂಕ್ರೀಟಿನ ಗಟ್ಟಿತನದ ಅಳತೆ). ಟ್ಯಾಂಕರ್, ಲಾರಿ ಬರುವ ಕಡೆ 80 ಮಿ.ಮೀ., ಎಂ-40. ಬರೀ ನಡೆದಾಡುವ ಹಾದಿಗೆ 50 ಮಿ.ಮೀ. ಸಾಕು. ನೀರು ಹೀರುವ ಪ್ರಮಾಣ ಸರಾಸರಿ 6 ಶೇಕಡಾ ಮೀರಬಾರದು.

ಬ್ಲಾಕಿಗೆ ಐಎಸ್‌ಐ ಗುರುತು ಇದೆ ಎಂದರೆ ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಯಾವ ಕಾರ್ಖಾನೆ, ಯಾವ ಮಾನಕ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಗುರುತಿಲ್ಲದ ಕಾರ್ಖಾನೆಯ ಬ್ಲಾಕಾದರೆ ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯದ ಪರೀಕ್ಷಾ ವರದಿ ಕೇಳಿ, ಅದರ ದಿನಾಂಕ ನೋಡಿ. ಹಳೆಯ ವರದಿಯೊಂದನ್ನೇ ಎಲ್ಲ ಗ್ರಾಹಕರಿಗೂ ತೋರಿಸುವ ಅಭ್ಯಾಸವಿದೆ. ಸಿವಿಲ್ ವಿಭಾಗವಿರುವ ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳು ಶುಲ್ಕ ಪಡೆದು ಒತ್ತುಬಲದ ಪರೀಕ್ಷೆ ಮಾಡಿಕೊಡುತ್ತವೆ. ಬಂದ ಲಾಟಿನಿಂದಲೇ ನಾಲ್ಕಾರು ಬ್ಲಾಕು ಆರಿಸಿ ಕಳಿಸಬಹುದು.

ರಬ್ಬರ್ ಮೋಲ್ಡಿನ ಬ್ಲಾಕು ಕನ್ನಡಿಯಂತೆ ಹೊಳೆಯುತ್ತದೆ, ಬಣ್ಣವೂ ಚೆಂದ. ಮಳೆಯಲ್ಲಿ ಪಾಚಿ ಕಟ್ಟಿದ ಮೇಲೆ ವಯಸ್ಸಾದವರು ಜಾರಿ ಬೀಳುವುದೂ ಅದರ ಮೇಲೆಯೇ. ವಾಹನದ ಹಾದಿಗೆ ಯಂತ್ರದಲ್ಲಿ ಒತ್ತಿ ಮಾಡಿದ, ಮೇಲ್ಮೈ ಒರಟಾಗಿರುವ ಬ್ಲಾಕನ್ನೇ ಕೇಳಿ. ಎರಡು ಬ್ಲಾಕುಗಳನ್ನು ಒಂದಕ್ಕೊಂದು ತಟ್ಟಿದಾಗ ಖಣ್ ಎಂದು ಸದ್ದು ಬರಬೇಕು. ಮಂದ ಸದ್ದು ಬಂದರೆ, ಮೂಲೆ ಉದುರಿದರೆ ಕ್ಯೂರಿಂಗ್ ಸಾಲದು. ಕಾರ್ಖಾನೆಯಿಂದ ಹೊರಟ ದಿನಕ್ಕೆ ಬ್ಲಾಕಿಗೆ 28 ದಿನ ತುಂಬಿದೆಯೇ ಕೇಳಿ.

ಹಳೆಯ ಕೆಲಸ ನೋಡಲು ಹೋಗಿ

ಹೋದ ತಿಂಗಳು ಮುಗಿಸಿದ ಅಂಗಳ ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ. ಎರಡು ಮಳೆಗಾಲ ಕಂಡ ಕೆಲಸದ ವಿಳಾಸ ಎರಡು ಮೂರು ಕೇಳಿ, ಸಾಧ್ಯವಾದರೆ ಮಳೆ ನಿಂತ ಅರ್ಧ ಗಂಟೆಗೆ ಹೋಗಿ. ಕಾರಿನ ಚಕ್ರ ಹಾಯುವ ಎರಡು ಗೆರೆಯಲ್ಲಿ ನೀರು ನಿಂತಿದ್ದರೆ ತಳಪಾಯ ಕುಸಿದಿದೆ. ಅಂಚಿನ ಬ್ಲಾಕುಗಳ ಸಂದು ಅಗಲವಾಗಿದ್ದರೆ ಅಂಚು ಕಟ್ಟುವ ಕರ್ಬ್ ಕಲ್ಲು ಕಾಂಕ್ರೀಟಿನಲ್ಲಿ ಕೂತಿಲ್ಲ. ಚೇಂಬರಿನ ಸುತ್ತ ತಗ್ಗಿದ್ದರೆ ಅಲ್ಲಿ ಕೈ ದಮ್ಮಸ್ಸೂ ಮಾಡಿಲ್ಲ. ಉದ್ದಕ್ಕೆ ಒಂದೇ ಗೆರೆಯಲ್ಲಿ ತಗ್ಗು ಹೋಗಿದ್ದರೆ ಕೆಳಗೆ ಪೈಪಿನ ಕಾಲುವೆ ಇದ್ದು ಅದನ್ನು ಪದರ ಪದರವಾಗಿ ತುಂಬದೆ ಒಂದೇ ಸಲ ಮಣ್ಣು ಸುರಿದಿದ್ದಾರೆ. ಮೇಲ್ಮೈಯಲ್ಲಿ ಬಿಳಿ ಪುಡಿ ಕಂಡರೆ ಗಾಬರಿ ಬೇಡ, ಅದು ಸಿಮೆಂಟಿನ ಸುಣ್ಣದ ಅಂಶ, ಕಾಲಕ್ರಮೇಣ ಹೋಗುತ್ತದೆ.

ಮನೆಯವರನ್ನು ಕೇಳಬೇಕಾದ ಪ್ರಶ್ನೆ ‘ಕೆಲಸ ಚೆನ್ನಾಗಿದೆಯಾ’ ಎಂಬುದಲ್ಲ. ತಗ್ಗು ಬಿದ್ದಾಗ ಫೋನ್ ಮಾಡಿದರೆ ಬಂದರಾ, ಎಷ್ಟು ದಿನಕ್ಕೆ ಬಂದರು, ಮತ್ತೆ ಹಣ ಕೇಳಿದರಾ ಎಂದು ಕೇಳಿ.

ಕೊಟೇಶನ್ ಮತ್ತು ಮಾತುಕತೆ

ಚದರ ಅಡಿಗೆ ಇಷ್ಟು ಎಂಬ ಒಂದೇ ಸಾಲಿನ ಕೊಟೇಶನ್ ಒಪ್ಪಬೇಡಿ. ಅಗೆತದ ಆಳ, ಮಣ್ಣು ಸಾಗಣೆ, ತಳಪಾಯದ ವಸ್ತು ಮತ್ತು ದಮ್ಮಸ್ಸಾದ ಮೇಲಿನ ದಪ್ಪ, ಮರಳಿನ ದಪ್ಪ, ಬ್ಲಾಕಿನ ದಪ್ಪ-ದರ್ಜೆ-ಕಾರ್ಖಾನೆ, ಕರ್ಬ್ ಎಷ್ಟು ಅಡಿ, ಚೇಂಬರ್ ಮುಚ್ಚಳ ಎತ್ತರಿಸುವುದು ಎಷ್ಟು, ತೆರಿಗೆ, ವಿಮೆ ಹೀಗೆ ಬಿಡಿಸಿ ಬರೆಸಿ. ಮೂವರಿಗೂ ಒಂದೇ ಪಟ್ಟಿ ಕೊಟ್ಟು ತುಂಬಿಸಿದರೆ ಮಾತ್ರ ಹೋಲಿಕೆ ಸಾಧ್ಯ.

ಮಾತುಕತೆಯಲ್ಲಿ ನಾಲ್ಕು ಪ್ರಶ್ನೆ ಸಾಕು, ಮನುಷ್ಯ ಎಂಥವರೆಂದು ತಿಳಿಯುತ್ತದೆ. ಬ್ಲಾಕಿನ ಕೆಳಗೆ ಏನು ಹಾಕುತ್ತೀರಿ? ‘ಜಲ್ಲಿಪುಡಿ’ ಎಂಬ ಉತ್ತರ ಬಂದರೆ ಎಚ್ಚರ. ಕ್ರಷರ್ ಧೂಳಿನಲ್ಲಿ ನುಣುಪಾದ ಪುಡಿ ಹೆಚ್ಚು. ನೀರು ಹಿಡಿದಿಟ್ಟುಕೊಂಡು ಚಕ್ರದ ಒತ್ತಡಕ್ಕೆ ಕೆಸರಿನಂತೆ ಸಂದಿನಿಂದ ಮೇಲೆ ಬರುತ್ತದೆ. ಬೇಕಾದದ್ದು 4.75 ಮಿ.ಮೀ. ಜರಡಿ ಹಿಡಿದ, ಧೂಳು ತೊಳೆದ ಎಂ-ಸ್ಯಾಂಡ್. ಮರಳಿಗೆ ಸಿಮೆಂಟ್ ಬೆರೆಸುತ್ತೀರಾ? ‘ಹೌದು, ಗಟ್ಟಿ ಇರುತ್ತೆ’ ಎಂದರೆ ಅದೂ ಸರಿಯಲ್ಲ. ತೆಳ್ಳಗಿನ ಆ ಪದರ ಬಿರುಕು ಬಿಡುತ್ತದೆ, ಮುಂದೆ ಪೈಪು ರಿಪೇರಿಗೆ ಬ್ಲಾಕು ಎಬ್ಬಿಸಲೂ ಆಗುವುದಿಲ್ಲ. ತಳಪಾಯ ಏರುಪೇರಾಗಿದ್ದರೆ ಏನು ಮಾಡುತ್ತೀರಿ? ‘ಮರಳಿನಲ್ಲಿ ಲೆವೆಲ್ ಮಾಡುತ್ತೇವೆ’ ಎನ್ನುವವರ ಅಂಗಳ ಒಂದು ಕಡೆ 20, ಇನ್ನೊಂದು ಕಡೆ 70 ಮಿ.ಮೀ. ಮರಳಿನ ಮೇಲೆ ನಿಂತಿರುತ್ತದೆ. ದಪ್ಪ ಇರುವ ಕಡೆ ತಗ್ಗು ಖಚಿತ. ನಾಲ್ಕನೆಯದು, ನೀರು ಎಲ್ಲಿಗೆ ಹೋಗುತ್ತದೆ? ನೂರಕ್ಕೆ ಎರಡರ ಇಳಿಜಾರು, ಅಂದರೆ 20 ಅಡಿಗೆ ಸುಮಾರು 5 ಇಂಚು, ಮನೆಯಿಂದ ಹೊರಮುಖವಾಗಿ ಎಂದು ಅವರೇ ಹೇಳಬೇಕು. ಇಂಗುಗುಂಡಿಯ ಮುಚ್ಚಳವನ್ನು ಬ್ಲಾಕಿನಡಿ ಮುಚ್ಚಿಬಿಡುವವರೂ ಇದ್ದಾರೆ. ಬೆಂಗಳೂರಿನಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಎಂಬುದು ಅವರಿಗೆ ಗೊತ್ತಿರಬೇಕು. ರಸ್ತೆ ಬದಿಯ ಚರಂಡಿಯ ಮೇಲೆ ಕೇಳದೆಯೇ ರ‍್ಯಾಂಪ್ ಮಾಡಿಕೊಡುತ್ತೇನೆ ಎನ್ನುವವರಿಂದ ದೂರವಿರಿ. ಅದು ಪಾಲಿಕೆಯ ಜಾಗ, ನೋಟಿಸು ಬರುವುದು ನಿಮಗೆ.

ಕರಾರು, ಹಣ

ಇ-ಸ್ಟಾಂಪ್ ಕಾಗದದ ಮೇಲೆ ಎರಡು ಪುಟದ ಕರಾರು ಸಾಕು. ಕೊಟೇಶನ್ ಪಟ್ಟಿ, ವಿಮಾ ಪಾಲಿಸಿಯ ನಂಬರು, ಕೈನಕ್ಷೆ ಮೂರನ್ನೂ ಅನುಬಂಧವಾಗಿ ಸೇರಿಸಿ. ಗ್ಯಾರಂಟಿ ಎಂಬ ಬರೀ ಪದ ಬೇಡ, ಅಳತೆ ಬರೆಸಿ: 3 ಮೀಟರ್ ನೇರ ಪಟ್ಟಿ ಇಟ್ಟಾಗ ಎಲ್ಲಿಯೂ 10 ಮಿ.ಮೀ. ಮೀರಿ ತಗ್ಗಿರಬಾರದು, ಅಕ್ಕಪಕ್ಕದ ಬ್ಲಾಕುಗಳ ನಡುವೆ 3 ಮಿ.ಮೀ. ಮೀರಿ ಏರುಪೇರಿರಬಾರದು, ಎರಡು ಮಳೆಗಾಲದೊಳಗೆ ಹಾಗಾದರೆ 15 ದಿನದಲ್ಲಿ ಎಬ್ಬಿಸಿ ಸರಿಮಾಡಿಕೊಡಬೇಕು.

ಹಣವನ್ನು ಕೆಲಸದ ಹಂತಕ್ಕೆ ಕಟ್ಟಿ. ಮುಂಗಡ 10 ಶೇಕಡಾ. ತಳಪಾಯ ದಮ್ಮಸ್ಸಾಗಿ ನೀವು ದಪ್ಪ ಅಳೆದ ಮೇಲೆ 30. ಬ್ಲಾಕು ಬಂದಿಳಿದು ಎಣಿಸಿದ ಮೇಲೆ 30. ಹಾಸಿ ಮುಗಿದ ಮೇಲೆ 20. ಉಳಿದ 10 ಮೊದಲ ಮಳೆಗಾಲ ಕಳೆದ ಮೇಲೆ. ಅರ್ಧ ಹಣ ಮೊದಲೇ ಬೇಕು, ಇಲ್ಲದಿದ್ದರೆ ಬ್ಲಾಕು ಬರುವುದಿಲ್ಲ ಎಂದರೆ ಕಾರ್ಖಾನೆಗೆ ನೀವೇ ನೇರ ಪಾವತಿ ಮಾಡಿ, ಬಿಲ್ಲು ನಿಮ್ಮ ಹೆಸರಿಗೆ ಬರಲಿ. ಯುಪಿಐನಲ್ಲಿ ಕಾಣುವ ಹೆಸರು ಕರಾರಿನ ಹೆಸರಿಗೆ ಹೊಂದದಿದ್ದರೆ ಕಳಿಸಬೇಡಿ.

ಕೆಲಸ ನಡೆಯುವ ದಿನಗಳಲ್ಲಿ

ಮೊದಲ ದಿನ ಬಂದವರ ತಲೆ ಎಣಿಸಿ, ಪಾಲಿಸಿಯ ಸಂಖ್ಯೆಗೆ ಹೋಲಿಸಿ. ಹೆಚ್ಚಿದ್ದರೆ ಕೆಲಸ ನಿಲ್ಲಿಸಿ, ವಿಮಾ ಕಂಪನಿಯಿಂದ ಸಂಖ್ಯೆ ಸೇರಿಸಿದ ತಿದ್ದುಪಡಿ ಪತ್ರ, ಅಂದರೆ ಎಂಡಾರ್ಸ್‌ಮೆಂಟ್ ತರಿಸಿ. ಕಟ್ಟರ್ ಯಂತ್ರಕ್ಕೆ, ವಿದ್ಯುತ್ ಸೋರಿದರೆ ಕರೆಂಟು ಕಡಿಯುವ 30 ಮಿಲಿ ಆ್ಯಂಪಿಯರ್ ಆರ್‌ಸಿಸಿಬಿ ಇರುವ ಲೈನಿನಿಂದಲೇ ಕರೆಂಟು ಕೊಡಿ. ಬ್ಲಾಕನ್ನು ನೀರು ಬಿಟ್ಟು ಕತ್ತರಿಸಲಿ. ಒಣ ಕತ್ತರಿಕೆಯ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುತ್ತದೆ, ಬಾಯಿಗೆ ಟವೆಲು ಕಟ್ಟಿಕೊಂಡರೆ ಸಾಲದು.

ನೀವು ಖುದ್ದಾಗಿ ಇರಲೇಬೇಕಾದ ಹೊತ್ತು ಒಂದೇ: ತಳಪಾಯ ಮುಚ್ಚುವ ಮುನ್ನ. 150 ಮಿ.ಮೀ. ವೆಟ್‌ಮಿಕ್ಸನ್ನು ಎರಡು ಪದರದಲ್ಲಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಪ್ಲೇಟ್ ಕಾಂಪ್ಯಾಕ್ಟರಿನಿಂದ ದಮ್ಮಸ್ಸು ಮಾಡಬೇಕು. ನಾಲ್ಕೈದು ಕಡೆ ಗುದ್ದಲಿಯಿಂದ ಸಣ್ಣ ಗುಣಿ ತೆಗೆದು ಸ್ಕೇಲಿನಲ್ಲಿ ಅಳೆಯಿರಿ, ಫೋಟೊ ತೆಗೆಯಿರಿ. ಬ್ಲಾಕು ಕೂತ ಮೇಲೆ ಇದನ್ನು ನೋಡುವ ದಾರಿಯೇ ಇಲ್ಲ. ವಾಹನದ ಹಾದಿಯಲ್ಲಿ ಬ್ಲಾಕನ್ನು ಒಂದಕ್ಕೊಂದು ಅಡ್ಡಲಾಗಿ ಜೋಡಿಸುವ ಹೆರಿಂಗ್‌ಬೋನ್ ವಿನ್ಯಾಸದಲ್ಲಿ ಹಾಸಿಸಿ, ಬ್ರೇಕಿನ ತಳ್ಳುವಿಕೆಗೆ ಅದೇ ಚೆನ್ನಾಗಿ ತಡೆಯುತ್ತದೆ. ಸಂದು 2ರಿಂದ 4 ಮಿ.ಮೀ. ಇರಲಿ. ಒಮ್ಮೆ ಯಂತ್ರ ಓಡಿಸಿ, 2.36 ಮಿ.ಮೀ. ಜರಡಿ ಹಿಡಿದ ಒಣ ಮರಳನ್ನು ಗುಡಿಸಿ ಸಂದಿಗಿಳಿಸಿ, ಮತ್ತೆ ಯಂತ್ರ ಓಡಿಸಿ, ಸಂದು ತುಂಬುವವರೆಗೆ ಹೀಗೇ ಮಾಡಬೇಕು. ವಾರ ಬಿಟ್ಟು ಬಂದು ಇನ್ನೊಮ್ಮೆ ಮರಳು ತುಂಬುವುದನ್ನೂ ಕರಾರಿನಲ್ಲಿ ಸೇರಿಸಿಕೊಂಡರೆ ಒಳ್ಳೆಯದು. ಹಾಸಿದ ಮೇಲ್ಮಟ್ಟ ಮನೆಯ ಹೊಸ್ತಿಲಿಗಿಂತ ಆರು ಇಂಚಾದರೂ ಕೆಳಗಿರಲಿ.

ತಕರಾರು ಬಂದರೆ

ತಗ್ಗು ಕಂಡ ದಿನವೇ ಸ್ಕೇಲು ಇಟ್ಟು ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳಿಸಿ, ಉತ್ತರ ಬಾರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಲಿಖಿತ ನೋಟಿಸು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಕಾಲಮಿತಿ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗದ ಶುಲ್ಕವಿಲ್ಲ, ವಕೀಲರಿಲ್ಲದೆಯೂ ದೂರು ಕೊಡಬಹುದು. ಅಲ್ಲಿ ಕೇಳುವುದು ಬಿಲ್ಲು, ಕರಾರು, ಪಾವತಿಯ ದಾಖಲೆ, ತಳಪಾಯ ಅಳೆದಾಗಿನ ಫೋಟೊ. ವಿಮಾ ಕಂಪನಿ ಕ್ಲೇಮು ಎಳೆದಾಡಿದರೆ ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ಸಲ್ಲಿಸಬಹುದು. ಕಾರ್ಮಿಕರಿಗೆ ಪೆಟ್ಟಾದಾಗ ಮಾತ್ರ ತಡಮಾಡದೆ ಅಂದೇ ವಿಮಾ ಕಂಪನಿಗೆ ಗುತ್ತಿಗೆದಾರರಿಂದ ಲಿಖಿತ ಮಾಹಿತಿ ಹೋಗುವಂತೆ ನೋಡಿಕೊಳ್ಳಿ, ಅದರ ಪ್ರತಿ ಇಟ್ಟುಕೊಳ್ಳಿ. ತಡವಾಗಿ ತಿಳಿಸಿದ್ದೇ ಕ್ಲೇಮು ತಿರಸ್ಕರಿಸಲು ಕಂಪನಿಗೆ ನೆಪವಾಗಬಹುದು.